ಅರ್ಧ ಮಾತು

ಹತ್ತಿರ ಹತ್ತಿರ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಅಷ್ಟು ವರ್ಷಗಳಲ್ಲಿ ಮಕ್ಕಳಿಗೆ ಏನೇನು ಕಲಿಸಿದೆನೋ, ಒಂದು ಪಾಠವನ್ನು ಮಾತ್ರ ಎಂಟನೇ ತರಗತಿಯ ಹುಡುಗಿಯೊಬ್ಬಳಿಂದ ನಾನೇ ಕಲಿತೆ. ಅವಳು ‘ಮಿಸ್‌ಗೆ ಏನೂ ಬರಲ್ಲ’ ಅಂದಳೆಂದು ಇನ್ನೊಬ್ಬಳು ಬಂದು ಚಾಡಿ ಹೇಳಿದಳು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದೆಮುಂದೆ ವಿಚಾರಿಸದೆ ಅವಳನ್ನು ಒಂದು ವಾರ ನನ್ನ ಪೀರಿಯಡ್ಡಿನಲ್ಲಿ ಹೊರಗೆ ನಿಲ್ಲಿಸಿದೆ. ಹುಡುಗಿ ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ಗೊತ್ತಾಯಿತು, ಅವಳು ಆಡಿದ ಪೂರ್ತಿ ಮಾತು ಹೀಗಿತ್ತಂತೆ: ‘ಕಂಪ್ಯೂಟರ್ ವಿಷಯದಲ್ಲಿ ಪಾಪ ಮಿಸ್‌ಗೆ ಏನೂ ಬರಲ್ಲ ಕಣೇ, ಊಟದ ಬಿಡುವಿನಲ್ಲಿ ನಾವೇ ಹೇಳಿಕೊಡೋಣ.’

ಹೇಳಿದವಳು ಸುಳ್ಳು ಹೇಳಿರಲಿಲ್ಲ ನೋಡಿ. ಆಡಿದ ಮಾತನ್ನೇ ಹೇಳಿದ್ದಳು. ಅರ್ಧ ಹೇಳಿದ್ದಳು, ಅಷ್ಟೆ. ಪೂರ್ತಿ ಸುಳ್ಳಾಗಿದ್ದರೆ ಒಂದಲ್ಲ ಒಂದು ದಿನ ತಾನಾಗಿಯೇ ಬಯಲಾಗುತ್ತಿತ್ತು. ಈ ಅರ್ಧ ಮಾತಿಗೆ ಸಾಕ್ಷಿಯೂ ಇರುತ್ತದೆ, ಆದ್ದರಿಂದ ಅದು ಇನ್ನೂ ಕೆಟ್ಟದ್ದು.

ಈ ಹಳೆಯ ಪ್ರಸಂಗ ಮತ್ತೆ ನೆನಪಾದದ್ದು ಒಂದು ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ. ಮಗಳು ಅಳಿಯ ಇರುವುದು ಟೆಕ್ಸಸ್ ರಾಜ್ಯದಲ್ಲಿ, ಆಸ್ಟಿನ್ ಪಟ್ಟಣದ ಹತ್ತಿರ. ಮೊಮ್ಮಗಳಿಗೆ ಆರು ವರ್ಷ, ಒಂದನೇ ತರಗತಿ. ಒಂದು ಸಂಜೆ ಸ್ಕೂಲಿನಿಂದ ಬಂದವಳೇ, ‘ಅಜ್ಜಿ, ಇವತ್ತು ನಾವೆಲ್ಲ ಲೈಟ್ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂತಿದ್ವಿ. ಎಲ್ಲರಿಗಿಂತ ನಾನೇ ಸುಮ್ಮನೆ ಕೂತಿದ್ದೆ ಅಂತ ಮಿಸ್ ಹೊಗಳಿದರು’ ಅಂದಳು. ಯಾವುದೋ ಆಟವೆಂದುಕೊಂಡು ನಾನೂ ನಕ್ಕೆ. ಮಗಳು ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಮಕ್ಕಳು ಹೇಗೆ ಅವಿತುಕೊಳ್ಳಬೇಕು ಎಂಬ ಅಭ್ಯಾಸವಂತೆ ಅದು. ಅದೇ ಟೆಕ್ಸಸ್ಸಿನ ಯುವಾಲ್ಡಿ ಎಂಬ ಊರಿನಲ್ಲಿ 2022ರ ಮೇ 24ರಂದು ಹದಿನೆಂಟು ವರ್ಷದ ಹುಡುಗನೊಬ್ಬ ಪ್ರಾಥಮಿಕ ಶಾಲೆಗೆ ನುಗ್ಗಿ 19 ಮಕ್ಕಳನ್ನೂ ಇಬ್ಬರು ಟೀಚರುಗಳನ್ನೂ ಕೊಂದಿದ್ದ. ಇಬ್ಬರೂ ಹೆಣ್ಣುಮಕ್ಕಳೇ, ನನ್ನಂತೆ ಪಾಠ ಹೇಳುತ್ತಿದ್ದವರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಬಂದೂಕಿನ ಪರವಲ್ಲ. ಆ ದೇಶದಲ್ಲಿ ಬಂದೂಕುಗಳು ಕಡಿಮೆಯಾಗಬೇಕು, ಕಾನೂನು ಬಿಗಿಯಾಗಬೇಕು ಎನ್ನುವವಳು. ಅದಕ್ಕೇ ಅಲ್ಲಿನ ಪತ್ರಿಕೆ, ಟಿವಿ, ಸಿನಿಮಾದವರ ಮೇಲೆ ನನಗೆ ಸಿಟ್ಟು. ಬಂದೂಕಿನ ಹಕ್ಕು ಬೇಕೆನ್ನುವ ಮನುಷ್ಯರನ್ನು ಅವರು ತೋರಿಸಿದ ರೀತಿಯಿಂದ ಬಂದೂಕು ಒಂದೂ ಕಡಿಮೆಯಾಗಲಿಲ್ಲ. ನಂಬಿಕೆ ಮಾತ್ರ ಕಡಿಮೆಯಾಯಿತು.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಇದ್ದಾರೆ, ಎಪ್ಪತ್ತು ದಾಟಿದವರು. ಮಗಳಿಗೆ ಆಫೀಸಿನಲ್ಲಿ ತಡವಾದರೆ ಮೊಮ್ಮಗಳು ಅವರ ಮನೆಯಲ್ಲೇ ಆಡಿಕೊಂಡಿರುತ್ತಾಳೆ. ಬಿಸ್ಕತ್ತು ಮಾಡಿ ಕೊಡುತ್ತಾರೆ, ಜಡೆ ಹಾಕುತ್ತಾರೆ. ಅವರ ಮಂಚದ ಪಕ್ಕದ ಖಾನೆಯಲ್ಲಿ ಪಿಸ್ತೂಲು ಇದೆಯೆಂದು ನನಗೆ ತಿಳಿದಾಗ ಎದೆ ಧಸಕ್ಕೆಂದಿತು. ‘ಮಕ್ಕಳು ಓಡಾಡುವ ಮನೆಯಲ್ಲಿ ಬೀಗ ಹಾಕದ ಬಂದೂಕು ಇಡಬಾರದು, ಅಪಾಯ’ ಎಂದು ಮಗಳ ಬಾಯಲ್ಲಿ ಹೇಳಿಸಿದೆ. ಆಕೆ ಕೋಪಿಸಿಕೊಳ್ಳಲಿಲ್ಲ. ನಕ್ಕು, ‘ಅದನ್ನೂ ಟಿವಿಯವರೇ ಹೇಳಿದ್ದು ತಾನೇ? ಅವರು ಹೇಳುವುದನ್ನು ಕೇಳುವುದು ಬಿಟ್ಟು ವರ್ಷಗಳಾದವು’ ಅಂದರು.

ನೀವೇ ಯೋಚಿಸಿ. ನಾನು ಹೇಳಿದ್ದು ನಿಜ. ಬೀಗವಿಲ್ಲದ ಬಂದೂಕು ಮಕ್ಕಳ ಕೈಗೆ ಸಿಕ್ಕಿ ಅನಾಹುತವಾದದ್ದು ಆ ದೇಶದಲ್ಲಿ ಒಂದೆರಡು ಸಲವಲ್ಲ. ಆದರೆ ಆ ನಿಜವನ್ನು ಹೇಳುವ ಬಾಯಿಯನ್ನೇ ಆಕೆ ನಂಬುವುದಿಲ್ಲ. ನನ್ನ ಮೊಮ್ಮಗಳು ಆಡುವುದು ಆ ಮನೆಯಲ್ಲಿ. ಹಾಗಾದರೆ ಆಕೆ ಯಾಕೆ ನಂಬುವುದಿಲ್ಲ ಎಂದು ತಿಳಿಯುವ ಗರಜು ನನಗಿತ್ತು. ‘ನಿಮಗೆ ಏನು ಅನ್ಯಾಯ ಮಾಡಿದರು ಅವರು?’ ಎಂದು ಕೇಳಿದೆ. ಆಕೆ ಹೇಳಿದ ಒಂದೊಂದನ್ನೂ ಮಗಳ ಮನೆಯಲ್ಲಿ ಕೂತು ಹುಡುಕಿ ಓದಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹಾಗೆ.

ಮೊದಲನೆಯದು ಚಾರ್ಲ್‌ಟನ್ ಹೆಸ್ಟನ್ ಎಂಬ ನಟರ ಕತೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಟಾಕೀಸಿಗೆ ‘ಟೆನ್ ಕಮಾಂಡ್‌ಮೆಂಟ್ಸ್’ ಬಂದಿತ್ತು. ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿದ್ದರು. ಕೋಲು ಎತ್ತಿ ಸಮುದ್ರವನ್ನು ಇಬ್ಭಾಗ ಮಾಡಿದ ಆ ಗಡ್ಡದ ಮೋಸೆಸ್ಸೇ ಈ ಹೆಸ್ಟನ್. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿಗೆ ಮೆರವಣಿಗೆ ಕರೆದಾಗ ಕರಿಯರ ಹಕ್ಕಿಗಾಗಿ ಅದರಲ್ಲಿ ನಡೆದವರು. 1968ರಲ್ಲಿ ಬಂದೂಕು ನಿಯಂತ್ರಣದ ಕಾನೂನನ್ನೇ ಬೆಂಬಲಿಸಿದ್ದವರು. ಆಮೇಲೆ ಅಭಿಪ್ರಾಯ ಬದಲಾಗಿ, 1998ರಿಂದ 2003ರವರೆಗೆ ಬಂದೂಕುದಾರರ ದೊಡ್ಡ ಸಂಸ್ಥೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದರು.

1999ರ ಏಪ್ರಿಲ್ 20ರಂದು ಕೊಲೊರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಆ ಸಂಸ್ಥೆಯ ವಾರ್ಷಿಕ ಸಭೆ ಹತ್ತಿರದ ಡೆನ್ವರ್ ನಗರದಲ್ಲಿ ಮೊದಲೇ ಗೊತ್ತಾಗಿತ್ತು. ಮೇಯರ್ ಬರಬೇಡಿ ಎಂದರೂ, ಪ್ರದರ್ಶನ ಸಂಭ್ರಮಗಳನ್ನೆಲ್ಲ ಕೈಬಿಟ್ಟು ಸದಸ್ಯರ ಸಭೆಯೊಂದನ್ನು ಮೇ 1ರಂದು ನಡೆಸಿದರು. ಮಕ್ಕಳ ಸೂತಕ ಕಳೆಯುವ ಮುಂಚೆ ಆ ಊರಿಗೆ ಹೋಗಬಾರದಿತ್ತು ಎಂದು ನಾನೂ ಹೇಳುತ್ತೇನೆ. ಅಷ್ಟನ್ನೇ ತೋರಿಸಿದ್ದರೂ ಅವರ ತಪ್ಪು ತಪ್ಪಾಗಿಯೇ ಕಾಣುತ್ತಿತ್ತು.

ಆದರೆ 2002ರಲ್ಲಿ ಮೈಕೇಲ್ ಮೂರ್ ತೆಗೆದ ‘ಬೌಲಿಂಗ್ ಫಾರ್ ಕೊಲಂಬೈನ್’ ಚಿತ್ರದಲ್ಲಿ ಏನಾಯಿತು ನೋಡಿ. ಕೊಲಂಬೈನಿನ ಮಕ್ಕಳ ಅಳು ತೋರಿಸುತ್ತಾರೆ. ತಕ್ಷಣ ಹೆಸ್ಟನ್ ಬಂದೂಕನ್ನು ತಲೆಯ ಮೇಲೆ ಎತ್ತಿ, ನಾನು ಸತ್ತ ಮೇಲೆ ತಣ್ಣಗಾದ ಕೈಯಿಂದ ಇದನ್ನು ಕಿತ್ತುಕೊಳ್ಳಬೇಕು ಎಂದು ಗರ್ಜಿಸುತ್ತಾರೆ. ತಕ್ಷಣ, ಇದಾಗಿ ಹತ್ತೇ ದಿನಕ್ಕೆ ಡೆನ್ವರಿಗೆ ಬಂದರು ಎಂದು ಧ್ವನಿ ಹೇಳುತ್ತದೆ. ನೋಡಿದ ಯಾವ ತಾಯಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಆದರೆ ಬಂದೂಕೆತ್ತಿದ ಆ ದೃಶ್ಯ ಡೆನ್ವರಿನದಲ್ಲ. ಕೊಲಂಬೈನ್ ಆಗಿ ವರ್ಷವೊಂದು ಕಳೆದ ಮೇಲೆ, 2000ದ ಮೇ ತಿಂಗಳಲ್ಲಿ, ಬೇರೆ ರಾಜ್ಯದ ಷಾರ್ಲಟ್ ಎಂಬ ಊರಿನದು. ಡೆನ್ವರಿನ ಭಾಷಣಕ್ಕೂ ಕತ್ತರಿ ಬಿದ್ದಿತ್ತು. ಸಂಭ್ರಮಗಳನ್ನು ಕೈಬಿಟ್ಟೆವು ಎಂದ ಭಾಗ ಚಿತ್ರದಲ್ಲಿಲ್ಲ. ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನ ಹತ್ತಿರ 2000ದ ಫೆಬ್ರವರಿಯಲ್ಲಿ ಆರು ವರ್ಷದ ಹುಡುಗ ಅದೇ ವಯಸ್ಸಿನ ಹುಡುಗಿಯನ್ನು ಶಾಲೆಯಲ್ಲೇ ಗುಂಡಿಟ್ಟು ಕೊಂದ. ಹೆಸ್ಟನ್ ಆ ಊರಿಗೂ ಹಾಗೆಯೇ ಬೆನ್ನಿಗೇ ಓಡಿಬಂದರು ಎನ್ನುವಂತೆ ಚಿತ್ರ ತೋರಿಸುತ್ತದೆ. ಅವರು ಹೋದದ್ದು ಏಳೆಂಟು ತಿಂಗಳ ನಂತರ, ಚುನಾವಣೆಯ ಪ್ರಚಾರಕ್ಕೆ. ಇಷ್ಟಾದರೂ 2003ರಲ್ಲಿ ಅದಕ್ಕೆ ಶ್ರೇಷ್ಠ ಸಾಕ್ಷ್ಯಚಿತ್ರವೆಂದು ಆಸ್ಕರ್ ಬಂತು. ಬಂದೂಕೆತ್ತಿದ ದೃಶ್ಯ ಈ ಮನುಷ್ಯ ಯಾರೆಂದು ಪರಿಚಯಿಸಲು ಮಾತ್ರ ಎಂದು ಮೂರ್ ಸಮರ್ಥಿಸಿಕೊಂಡರು. ಹೌದು, ಒಂದು ಅಕ್ಷರವೂ ಸುಳ್ಳಲ್ಲ. ನನಗೆ ಚಾಡಿ ಹೇಳಿದ ಹುಡುಗಿಯೂ ಸುಳ್ಳು ಹೇಳಿರಲಿಲ್ಲ.

ಎರಡನೆಯದು 2016ರದು. ಕೇಟಿ ಕ್ಯೂರಿಕ್ ಅಲ್ಲಿನ ಬಹಳ ಹೆಸರಾಂತ ಪತ್ರಕರ್ತೆ. ಆಕೆಯ ‘ಅಂಡರ್ ದ ಗನ್’ ಎಂಬ ಸಾಕ್ಷ್ಯಚಿತ್ರದಲ್ಲಿ ವರ್ಜೀನಿಯಾ ರಾಜ್ಯದ ಬಂದೂಕುದಾರರ ಸಂಘದವರನ್ನು ಕೂರಿಸಿ, ಪೂರ್ವಾಪರ ವಿಚಾರಿಸದೆ ಬಂದೂಕು ಮಾರಿದರೆ ಅದು ಅಪರಾಧಿಗಳ ಕೈಗೆ ಹೋಗದಂತೆ ತಡೆಯುವುದು ಹೇಗೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೆರೆಯ ಮೇಲೆ ಆ ಜನ ಎಂಟೊಂಬತ್ತು ಸೆಕೆಂಡು ಬಾಯಿ ಮುಚ್ಚಿ, ತಲೆ ತಗ್ಗಿಸಿ ಕೂತಿರುತ್ತಾರೆ. ಉತ್ತರ ಬಾರದ ಹುಡುಗರ ಥರ. ಆಮೇಲೆ ಧ್ವನಿಮುದ್ರಣ ಹೊರಬಂದಾಗ ತಿಳಿಯಿತು, ಅವರು ಕೂಡಲೇ ಉತ್ತರ ಕೊಟ್ಟಿದ್ದರು. ಆ ಮೌನವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ್ದರು. ನೋಡುವವರಿಗೆ ಪ್ರಶ್ನೆಯ ಬಗ್ಗೆ ಯೋಚಿಸಲು ಬಿಡುವು ಕೊಟ್ಟೆವು ಎಂದು ನಿರ್ದೇಶಕಿ ಹೇಳಿದರು. ಕ್ಯೂರಿಕ್ ಅದು ತಪ್ಪೆಂದು ಒಪ್ಪಿ ವಿಷಾದಿಸಿದರು, ಅದು ಅವರ ದೊಡ್ಡತನ. ಸಂಘದವರು ಮಾನನಷ್ಟವೆಂದು ಕೋರ್ಟಿಗೆ ಹೋದರೂ ದಾವೆ ನಿಲ್ಲಲಿಲ್ಲ. ಇರಲಿ. ಆದರೆ ನಾನು ಪರೀಕ್ಷೆಯ ಮೇಲ್ವಿಚಾರಣೆ ಮಾಡಿದವಳು. ಹುಡುಗ ಬರೆದ ಉತ್ತರವನ್ನು ಹರಿದು ಖಾಲಿ ಹಾಳೆ ಸೇರಿಸಿ, ಇವನಿಗೆ ಏನೂ ಬಾರದು ಎಂದರೆ ಅದಕ್ಕೆ ಯೋಚನೆಯ ಬಿಡುವು ಎನ್ನುತ್ತಾರೆಯೇ?

ಮೂರನೆಯದು ಹೆಂಗಸೊಬ್ಬಳದು. ಅಲಾಸ್ಕ ರಾಜ್ಯದ ಗವರ್ನರ್ ಆಗಿದ್ದ ಸಾರಾ ಪೇಲಿನ್ 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ಬೇಟೆಯಾಡುವ, ಬಂದೂಕಿನ ಪರ ಮಾತಾಡುವ, ಐದು ಮಕ್ಕಳ ತಾಯಿ. ಆಕೆಯ ಮಾತು, ಬಟ್ಟೆ, ಬಸಿರು ಬಾಣಂತನ ಎಲ್ಲವೂ ಪೇಪರಿನವರಿಗೆ ಹಾಸ್ಯದ ವಸ್ತು. ಆಕೆಯ ರಾಜಕೀಯ ನನಗೆ ಹಿಡಿಸದು. ಎದುರಾಳಿಗಳ 20 ಕ್ಷೇತ್ರಗಳ ಮೇಲೆ ಬಂದೂಕಿನ ಗುರಿಯ ಗುರುತು ಹಾಕಿದ ನಕ್ಷೆಯನ್ನು 2010ರಲ್ಲಿ ಆಕೆಯ ಕಡೆಯವರು ಹೊರಡಿಸಿದ್ದು ಅವಿವೇಕವೇ. 2011ರ ಜನವರಿ 8ರಂದು ಅರಿಜೋನದ ಟೂಸಾನಿನಲ್ಲಿ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಮೇಲೆ ಗುಂಡು ಹಾರಿ ಆರು ಜನ ಸತ್ತರು. ಹಾರಿಸಿದವನು ಆ ನಕ್ಷೆ ನೋಡಿದ್ದನೆಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಆದರೂ ಆರು ವರ್ಷ ಕಳೆದು 2017ರ ಜೂನ್ 14ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕೀಯ ಆ ನಕ್ಷೆಗೂ ಆ ಕೊಲೆಗೂ ಸಂಬಂಧ ಸ್ಪಷ್ಟವೆಂಬಂತೆ ಬರೆಯಿತು. ಮರುದಿನವೇ ತಿದ್ದಿಕೊಂಡಿತು. ಪೇಲಿನ್ ಮೊಕದ್ದಮೆ ಹೂಡಿದರು. 2022ರಲ್ಲೂ ಮರುವಿಚಾರಣೆಯಾಗಿ 2025ರಲ್ಲೂ ಪಂಚರು ಪತ್ರಿಕೆಯ ಪರವೇ ತೀರ್ಪಿತ್ತರು. ಕಾನೂನು ಬಿಟ್ಟುಬಿಟ್ಟಿತು, ಸರಿ. ಆದರೆ ಅಂಥ ಘನಪತ್ರಿಕೆಯ ಲೇಖನಿಗೆ ಆ ತಪ್ಪು ಅಷ್ಟು ಸುಲಭವಾಗಿ ಯಾಕೆ ಬಂತು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಂಥವರ ಬಗ್ಗೆ ಏನು ಹೇಳಿದರೂ ನಿಜವೇ ಇರಬೇಕು ಎಂದು ಮನಸ್ಸು ಮೊದಲೇ ಕಟ್ಟಿಕೊಂಡಿತ್ತು, ಅದಕ್ಕೆ.

ಕತ್ತರಿ ಹಾಕುವುದು ಒಂದಾದರೆ, ಹೇಳದೆಯೇ ಬಿಡುವುದು ಇನ್ನೊಂದು. ಎರಡು ಹೆಂಗಸರ ಕತೆ ಹೇಳುತ್ತೇನೆ. ಕ್ಯಾರೊಲಿನ್ ಮೆಕಾರ್ಥಿ ಎಂಬ ನರ್ಸಿನ ಗಂಡ 1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ಗುಂಡಿಗೆ ಬಲಿಯಾದರು, ಮಗ ತೀವ್ರವಾಗಿ ಗಾಯಗೊಂಡ. ಆಕೆ ಬಂದೂಕು ನಿಯಂತ್ರಣಕ್ಕಾಗಿ ಹೋರಾಡಿ 1996ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಆಕೆಯ ಬಾಳಿನ ಮೇಲೆ 1998ರಲ್ಲಿ ಟಿವಿ ಚಿತ್ರವೂ ಬಂತು. ಇದು ನನಗೆ ಇಲ್ಲೇ ಕೂತು ಎಂದೋ ತಿಳಿದಿತ್ತು. ಸುಸಾನಾ ಹಪ್ ಎಂಬಾಕೆ 1991ರ ಅಕ್ಟೋಬರ್ 16ರಂದು ಟೆಕ್ಸಸ್ಸಿನ ಕಿಲೀನ್ ಊರಿನ ಹೋಟೆಲಿನಲ್ಲಿ ತಂದೆತಾಯಿಯ ಜೊತೆ ಊಟಕ್ಕೆ ಕೂತಿದ್ದಾಗ ಒಬ್ಬ ನುಗ್ಗಿ 23 ಜನರನ್ನು ಕೊಂದ. ಅಂದಿನ ಕಾನೂನಿಗೆ ಅಂಜಿ ಆಕೆ ತನ್ನ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ತಂದೆ ಕೊಲೆಗಾರನ ಮೇಲೆ ನುಗ್ಗಿ ಸತ್ತರು. ತಾಯಿ ಓಡಿಹೋಗದೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಸತ್ತರು. ಮಗಳು ಕಿಟಕಿಯಿಂದ ಪಾರಾಗಿ, ಬಂದೂಕು ಜೊತೆಗಿಟ್ಟುಕೊಳ್ಳುವ ಹಕ್ಕಿಗಾಗಿ ಹೋರಾಡಿ, ಅದೇ 1996ರಲ್ಲಿ ಟೆಕ್ಸಸ್ ಶಾಸನಸಭೆಗೆ ಆಯ್ಕೆಯಾದರು. ಆಕೆಯ ಹೆಸರು ನನ್ನ ಕಿವಿಗೆ ಬಿದ್ದದ್ದು ಪಕ್ಕದ ಮನೆಯಾಕೆಯ ಬಾಯಿಂದ. ಕಿಲೀನ್ ಅಲ್ಲಿಗೆ ಹತ್ತಿರದ ಊರು.

ಅದೇ ದುಃಖ, ಅದೇ ವರ್ಷ, ಇಬ್ಬರ ತೀರ್ಮಾನ ಮಾತ್ರ ಬೇರೆ. ಹಪ್ ಅವರ ತೀರ್ಮಾನ ಸರಿಯೆಂದು ನಾನು ಹೇಳುವುದಿಲ್ಲ. ಅಂಥ ಗದ್ದಲದಲ್ಲಿ ಇನ್ನೊಂದು ಬಂದೂಕಿದ್ದರೆ ಇನ್ನೆಷ್ಟು ಸಾವಾಗುತ್ತಿತ್ತೋ. ಆದರೆ ಆಕೆಯ ಮಾತನ್ನು ಪೂರ್ತಿ ಕೇಳಿ ಆಮೇಲೆ ಅಲ್ಲವೆನ್ನಬೇಕು. ತಂದೆತಾಯಿಯನ್ನು ಕಳೆದುಕೊಂಡವಳನ್ನು ಬಂದೂಕಿನ ಹುಚ್ಚಿ ಎನ್ನುವವರು ಅವಳ ಎದುರು ಒಂದು ನಿಮಿಷ ಕೂತು ಬರಲಿ.

‘ಅಲ್ಲ ಟೀಚರಮ್ಮ, ಆ ಕಡೆಯವರೇನು ಸತ್ಯಹರಿಶ್ಚಂದ್ರರೇ?’ ಎಂದು ನೀವು ಕೇಳುತ್ತೀರಿ. ಅಲ್ಲವೇ ಅಲ್ಲ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಮಂದಿ ಶಾಲೆಯವರು ಸತ್ತಾಗ, ಅದೆಲ್ಲ ನಾಟಕ, ಯಾರೂ ಸತ್ತೇ ಇಲ್ಲ ಎಂದು ಅಲೆಕ್ಸ್ ಜೋನ್ಸ್ ಎಂಬವನು ತನ್ನ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಸಾರಿದ. ಮಕ್ಕಳನ್ನು ಮಣ್ಣು ಮಾಡಿ ಬಂದ ತಾಯಂದಿರಿಗೆ ಜನ ಬೆದರಿಕೆ ಹಾಕಿದರು. 2022ರಲ್ಲಿ ಅವನಿಗೆ ಸುಮಾರು 150 ಕೋಟಿ ಡಾಲರ್ ಪರಿಹಾರದ ತೀರ್ಪಾಯಿತು. ಈ ರಾಕ್ಷಸ ಸುಳ್ಳಿನ ಮುಂದೆ ಒಂಬತ್ತು ಸೆಕೆಂಡಿನ ಮೌನ ಯಾವ ಲೆಕ್ಕ? ಒಪ್ಪಿದೆ. ಆದರೆ ಆ ದೊಡ್ಡ ಸುಳ್ಳನ್ನು ಜನ ಯಾಕೆ ನಂಬಿದರು? ನೆಚ್ಚಿನ ಪತ್ರಿಕೆಗಳೂ ಕತ್ತರಿ ಹಾಕುತ್ತವೆ ಎಂಬ ಅನುಮಾನ ಅವರಲ್ಲಿ ಮೊದಲೇ ಬೇರುಬಿಟ್ಟಿತ್ತು. ‘ತೋಳ ಬಂತು ತೋಳ’ ಕತೆಯಲ್ಲಿ ಕೊನೆಗೆ ತೋಳ ನಿಜವಾಗಿ ಬಂದಿತ್ತು, ಕುರಿಗಳು ನಿಜವಾಗಿ ಸತ್ತವು. 1970ರ ದಶಕದಲ್ಲಿ ಆ ದೇಶದ ನೂರು ಜನರಲ್ಲಿ ಎಪ್ಪತ್ತರಷ್ಟು ಮಂದಿ ಸುದ್ದಿಯವರನ್ನು ನಂಬುತ್ತಿದ್ದರು. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ 2024ರ ಹೊತ್ತಿಗೆ ಅದು 31ಕ್ಕೆ ಇಳಿದಿತ್ತು. ಇದೆಲ್ಲ ಬಂದೂಕಿನ ಸುದ್ದಿಯಿಂದಲೇ ಆದದ್ದಲ್ಲ. ಅದೂ ಒಂದು ಪಾಲು.

ಇನ್ನೊಂದು ಮಾತು. ಯುವಾಲ್ಡಿಯ ನಂತರ 2022ರ ಜೂನಿನಲ್ಲಿ, ಹತ್ತಿರ ಹತ್ತಿರ ಮೂವತ್ತು ವರ್ಷಗಳಲ್ಲೇ ಮೊದಲ ಸಲ, ಬಂದೂಕಿನ ಮೇಲೆ ಒಂದು ದೊಡ್ಡ ಕಾನೂನು ಬಂತು. 21 ವರ್ಷದೊಳಗಿನವರಿಗೆ ಬಂದೂಕು ಮಾರುವ ಮುನ್ನ ಹೆಚ್ಚಿನ ವಿಚಾರಣೆ ಅದರಲ್ಲೊಂದು. ಅದನ್ನು ಕೂತು ಮಾತಾಡಿ ಮಾಡಿಸಿದವರಲ್ಲಿ ಟೆಕ್ಸಸ್ಸಿನ ಸೆನೆಟರ್ ಜಾನ್ ಕಾರ್ನಿನ್ ಒಬ್ಬರು, ಬಂದೂಕಿನ ಹಕ್ಕನ್ನು ಸದಾ ಎತ್ತಿಹಿಡಿದವರು. ಸ್ವಂತ ಪಕ್ಷದ ಸಮ್ಮೇಳನದಲ್ಲೇ ಜನ ಅವರನ್ನು ಕೂಗಿ ಅವಮಾನಿಸಿದರೂ ಹಿಂದೆಗೆಯಲಿಲ್ಲ. ಅವರ ಪಕ್ಷದ 15 ಸೆನೆಟರುಗಳ ಮತ ಸೇರಿದ್ದಕ್ಕೇ ಅದು ದಾಟಿತು. ಬಂದೂಕಿನ ಪರ ಇರುವವರೆಲ್ಲ ಒಂದೇ ಮಸಿಯವರು ಎಂದು ಬಳಿಯುತ್ತ ಹೋದರೆ, ನಾಳೆ ಇಂಥ ಮಾತುಕತೆಗೆ ಯಾರು ಬರುತ್ತಾರೆ? ಆ ದೇಶದ ವಯಸ್ಕರಲ್ಲಿ ಮೂವರಲ್ಲಿ ಒಬ್ಬರ ಬಳಿ ಬಂದೂಕಿದೆ. ಅವರನ್ನೆಲ್ಲ ಸಮುದ್ರಕ್ಕೆ ದೂಡಿ ಕಾನೂನು ಮಾಡಲಾದೀತೇ?

ಇಷ್ಟನ್ನೆಲ್ಲ ಓದಿದ ಮೇಲೆ ಪಕ್ಕದ ಮನೆಗೆ ಮತ್ತೊಮ್ಮೆ ಹೋದೆ. ಈ ಸಲ ಉಪದೇಶ ಮಾಡಲಿಲ್ಲ, ನಮ್ಮ ಕೊಡಗಿನ ಮಾತು ತೆಗೆದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವರ್ಷ ಕೊಡಗಿನ ಹೈಸ್ಕೂಲೊಂದರಲ್ಲಿದ್ದೆ, ಕೊಡವರ ಮನೆಯೊಂದರಲ್ಲಿ ಬಾಡಿಗೆಗೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಅದನ್ನು ಮತ್ತೆ 2029ರವರೆಗೆ ವಿಸ್ತರಿಸಿದರು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ‘ಹೆಣ್ಣು ಹುಟ್ಟಿದರೆ ಯಾಕಿಲ್ಲ ಅಕ್ಕ?’ ಎಂದು ಆ ಮನೆಯಾಕೆಯನ್ನು ಕೇಳಿ ನಗಿಸಿದ್ದೆ. ಮೊದಲ ರಾತ್ರಿ ಗೋಡೆಯ ಕೋವಿ ನೋಡಿ ಹೆದರಿದ್ದ ನನಗೆ, ತೋಟಾಗಳೆಲ್ಲ ಟ್ರಂಕಿನಲ್ಲಿವೆ, ಅದರ ಬೀಗದಕೈ ತನ್ನ ಸೊಂಟದಲ್ಲಿದೆ ಎಂದು ಆಕೆ ತೋರಿಸಿದ ಮೇಲೆ ನಿದ್ದೆ ಬಂದಿತ್ತು.

ಇದನ್ನೆಲ್ಲ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಪಕ್ಕದ ಮನೆಯಾಕೆ ಕಣ್ಣರಳಿಸಿ ಕೇಳಿದರು. ಹೂವಿನ ಬಗ್ಗೆ ಎರಡು ಸಲ ಕೇಳಿದರು. ಬೀಗದಕೈ ವಿಷಯಕ್ಕೆ ಏನೂ ಅನ್ನಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನಾನು ಊರಿಗೆ ಹೊರಡುವ ಹಿಂದಿನ ದಿನ ಬಂದು, ಬೀಗವಿರುವ ಉಕ್ಕಿನ ಪೆಟ್ಟಿಗೆ ತಂದೆ, ನಿಮ್ಮಮ್ಮನಿಗೆ ಹೇಳು ಎಂದು ಮಗಳಿಗೆ ಹೇಳಿ ಹೋದರಂತೆ. ಪಿಸ್ತೂಲು ಬಿಟ್ಟರೇ? ಇಲ್ಲ. ಬಂದೂಕಿನ ಹಕ್ಕಿನ ಮಾತು ಬಿಟ್ಟರೇ? ಅದೂ ಇಲ್ಲ. ಆದರೆ ಮೊಮ್ಮಗಳ ಕೈಗೂ ಆ ಪಿಸ್ತೂಲಿಗೂ ನಡುವೆ ಒಂದು ಬೀಗ ಬಂತು.

ಅಕ್ಕತಂಗಿಯರೇ, ಇದು ದೂರದ ಅಮೆರಿಕದ ಮಾತೆಂದು ಬಿಡಬೇಡಿ. ನಾಳೆ ಟಿವಿಯಲ್ಲಿ ನಮಗಾಗದ ಯಾರದೋ ಮಾತು ಎರಡು ಸಾಲಿನಷ್ಟು ಬಂದಾಗ, ಮೊದಲನೇ ಸಾಲಿನ ಹಿಂದೆ ಏನಿತ್ತು, ಎರಡನೆಯದರ ಮುಂದೆ ಏನಿತ್ತು ಎಂದು ಒಂದು ಸಲ ಕೇಳಿ. ನಮಗಾಗದವರ ವಿಷಯದಲ್ಲೇ ಕೇಳಬೇಕು, ಬೇಕಾದವರ ವಿಷಯದಲ್ಲಿ ಹೇಗೂ ಕೇಳುತ್ತೇವಲ್ಲ.

ಆ ಎಂಟನೇ ತರಗತಿಯ ಹುಡುಗಿಯ ಮುಂದೆ, ಇಡೀ ಕ್ಲಾಸಿನ ಎದುರಿಗೆ, ನಾನು ತಪ್ಪೊಪ್ಪಿಕೊಂಡೆ. ಊಟದ ಬಿಡುವಿನಲ್ಲಿ ಅವಳೇ ನನಗೆ ಕಂಪ್ಯೂಟರ್ ಕಲಿಸಿದಳು. ಹೆಸ್ಟನ್ ಭಾಷಣದ ಪೂರ್ತಿ ಪಾಠವನ್ನು ಮಗಳ ಮನೆಯಲ್ಲಿ ಹುಡುಕಿ ಓದಿದ್ದು ಆ ವಿದ್ಯೆಯಿಂದಲೇ.